ಹಾಲವ್ವ ಉಳಿಸಿದ ರೀಚಾರ್ಜು

ಮನೆಯಲ್ಲಿ ಮೂರು ಫೋನಿದ್ದವು. ರೀಚಾರ್ಜ್ ದರ ಮತ್ತೆ ಏರಿದಾಗ ಆವರಗೆರೆಯ ಹಾಲವ್ವ ಉಳಿತಾಯದ ಹುರುಪಿನಲ್ಲಿ ತನ್ನ ಫೋನಿಗೇ ಕತ್ತರಿ ಹಾಕಿದಳು. "ನಂಗ್ಯಾರು ಫೋನ್ ಮಾಡ್ತಾರೆ? ಬೇಕಾದ್ರೆ ಸೊಸಿ ಫೋನ್ ಐತಲ್ಲ" ಎಂದು ಮಗನ ಬಾಯಿ ಮುಚ್ಚಿಸಿದಳು.

ಆದರೆ ಹರಿಹರದಲ್ಲಿದ್ದ ಅಕ್ಕ ಕೆಂಚವ್ವನ ಜೊತೆ ದಿನಾ ಸಂಜೆ ಅವಳು ಆಡುತ್ತಿದ್ದ ಮಾತೆಲ್ಲ ಸೊಸೆಯದೇ. ಸೊಸೆಯ ರೊಟ್ಟಿ ದಪ್ಪ, ಸೊಸೆಯ ನಿದ್ದೆ ಉದ್ದ. ಅದನ್ನು ಸೊಸೆಯ ಫೋನಿನಲ್ಲೇ, ಅವಳೆದುರಿಗೇ ಹೇಳುವುದು ಹೇಗೆ? "ಉಂಡ್ಯಾ? ಹ್ಞೂಂ" ಅನ್ನುವಷ್ಟಕ್ಕೇ ಮಾತು ಮುಗಿಯತೊಡಗಿತು. ಹೊಟ್ಟೆಯೊಳಗೆ ಉಳಿದದ್ದು ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ. ಪಾತ್ರೆ ಕುಕ್ಕಿದಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು.

ಕೊನೆಗೊಂದು ಬೆಳಿಗ್ಗೆ, ಹೆಂಗಸರಿಗೆ ಸರ್ಕಾರಿ ಬಸ್ಸು ಹೇಗೂ ಪುಕ್ಕಟೆಯಲ್ಲವೇ ಎಂದುಕೊಂಡು, ಮಾರ್ಕೆಟ್ಟಿಗೆ ಹೋಗಿ ಬರ್ತೀನಿ ಅಂತ ಸುಳ್ಳು ಹೇಳಿ ಹರಿಹರದ ಬಸ್ಸು ಹತ್ತಿದಳು. ಹೋಗಿ ನೋಡಿದರೆ ಅಕ್ಕನ ಮನೆಗೆ ಬೀಗ.

"ಕೆಂಚಕ್ಕ ನಿಮ್ಮನಿಗೇ ಹೋದ್ರಲ್ರಿ" ಎಂದಳು ಪಕ್ಕದ ಮನೆಯ ಶಹಜಾದಿ. "ತಂಗಿ ಯಾಕೋ ಸರಿಯಾಗಿ ಮಾತಾಡ್ತಿಲ್ಲ, ನೋಡ್ಕಂಡು ಬರ್ತೀನಿ ಅಂದ್ರು."

ಅಕ್ಕನ ಬಾಯಲ್ಲಿ ಯಾವ ಮಾತೂ ನಿಲ್ಲದು. ಹಾಲವ್ವ ಶಹಜಾದಿಯ ಫೋನಿನಿಂದಲೇ ಅವಳಿಗೆ ಹಚ್ಚಿಸಿ, "ಅಕ್ಕಾ, ಅಲ್ಲೇನೂ ಬಾಯಿ ಬಿಡಬ್ಯಾಡ!" ಎಂದು ಕೂಗಿದಳು.

ಆ ಕಡೆ ಚಹಾದ ಲೋಟ ಇಟ್ಟ ಸದ್ದಾಯಿತು.

"ನಾನೇನ್ ಬಾಯಿ ಬಿಡ್ಲಿ?" ಎಂದಳು ಕೆಂಚವ್ವ. "ಬಂದಾಗಿಂದ ನಿನ್ ಸೊಸಿ ಹೇಳಿದ್ದೇ ಕೇಳ್ತಾ ಕುಂತೀನಿ. ಇಷ್ಟು ದಿನ ನಿಂದೊಂದೇ ಕೇಳಿದ್ದೆ ನೋಡು."