ಬಾನೆಟ್ಟಿನ ಮೇಲೆ ಅತ್ತೆಯ ಸೋಪು

ತೋಡಾರಿನಲ್ಲಿ ನಮ್ಮ ಮನೆಗೆ ತಾಗಿದ ಜಾಗದಲ್ಲಿ ಮೈದುನ ತಗಡಿನ ಶೆಡ್ಡು ಹಾಕಿಸಿದ ಮೇಲೆ ನನ್ನ ಬೆಳಗಿಗೆ ಒಂದು ಹೊಸ ಶಬ್ದ ಸೇರಿತು. ಕಾರಿನ ಮೈಗೆ ನೀರು ಬಿಡುತ್ತಾ ಉಜ್ಜುಕಾಗದದಿಂದ ತಿಕ್ಕುವ ಶಬ್ದ ಅದು. ಅವರ ಕಸುಬಿನಲ್ಲಿ ಅದಕ್ಕೆ ಪೇಪರ್ ಹೊಡೆಯುವುದು ಎನ್ನುತ್ತಾರೆ. ಹೊಡೆಯುವಂಥದ್ದು ಏನೂ ಅದರಲ್ಲಿಲ್ಲ. ಮೊರದಲ್ಲಿ ಅಕ್ಕಿ ಆಡಿಸಿದ ಹಾಗೆ ಕೇಳಿಸುತ್ತದೆ, ಅಷ್ಟೆ, ಸ್ವಲ್ಪ ಒದ್ದೆಯಾಗಿ.

ಮೈದುನ ಗಲ್ಫಿನ ಒಂದು ಗ್ಯಾರೇಜಿನಲ್ಲಿ ಹಲವು ವರ್ಷ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದ. ರಜೆಯಲ್ಲಿ ಬಂದವನು ಇಲ್ಲಿಯೇ ನಿಲ್ಲುವ ಮನಸ್ಸು ಮಾಡಿದ. ಪೂರ್ತಿ ಮನಸ್ಸಲ್ಲ. ಅಲ್ಲಿಯ ಯಜಮಾನ ರಂಜಾನಿನವರೆಗೆ ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದಿದ್ದ. ಅಷ್ಟರಲ್ಲಿ ಶೆಡ್ಡು ಕಣ್ಣು ಬಿಟ್ಟರೆ ಇಲ್ಲಿ, ಇಲ್ಲದಿದ್ದರೆ ಅಲ್ಲಿ. ಅತ್ತೆ ಈ ವಿಷಯವನ್ನು ಬಾಯಿ ಬಿಟ್ಟು ಮಾತಾಡುತ್ತಿರಲಿಲ್ಲ. ಮಗ ಊಟಕ್ಕೆ ಕೂತಾಗ ಬೇಡವೆಂದರೂ ಇನ್ನೊಂದು ತುಂಡು ಮೀನು ಬಡಿಸುತ್ತಿದ್ದರು, ಅದರಿಂದ ನನಗೆ ತಿಳಿಯುತ್ತಿತ್ತು.

ಮೊದಲ ಕಾರು ಬೆಳ್ತಂಗಡಿಯಿಂದ ಬಂತು. ಅಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಸಾಹೇಬರೊಬ್ಬರದು. ಕುಂಕುಮ ಬಣ್ಣದ ಕಾರು, ಬಾನೆಟ್ಟಿನ ಮೇಲೆ ಮಾತ್ರ ಬಿಸಿಲಿಗೆ ಬಣ್ಣ ಸುಟ್ಟು ಹಪ್ಪಳದ ಹಾಗೆ ಎದ್ದಿತ್ತು. ಸಾಹೇಬರು ನಮ್ಮ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾ ಹೇಳಿದರು:

"ಇದು ಚಂದ ಮಾಡಿ ಕೊಡು ಮಾರಾಯ. ನಮ್ಮ ಅಣ್ಣ ತಮ್ಮಂದಿರ ಗಾಡಿಗಳೆಲ್ಲ ಇಲ್ಲಿಗೇ ಬರ್ತದೆ. ಹಾಳು ಮಾಡಿದರೆ ಮಾತ್ರ ನಾನು ಯಾರಿಗೂ ಹೇಳ್ಲಿಕ್ಕಿಲ್ಲ. ಅಂಗಡಿಗೆ ಸೀರೆ ತೆಗೀಲಿಕ್ಕೆ ಬಂದವರಿಗೆ ಮಾತ್ರ ಹೇಳ್ತೇನೆ."

ಮೈದುನ ನಕ್ಕ. ಸಾಹೇಬರೂ ನಕ್ಕರು. ಬೆಳ್ತಂಗಡಿಯಲ್ಲಿ ಅವರ ಅಂಗಡಿಯ ಸೀರೆ ಉಡದವರು ಕಡಿಮೆ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು.

ಹಳೆಯ ಬಣ್ಣ ಕೆರೆದು, ಬೂದು ಬಣ್ಣದ ಪ್ರೈಮರ್ ಹಾಕಿ, ಅದು ಒಣಗಿದ ಮೇಲೆ ಮೈದುನ ಅಡುಗೆಮನೆಯ ಹಿಂಬಾಗಿಲಿಗೆ ಬಂದ.

"ಅತ್ತಿಗೆ, ಸೋಪು ಉಂಟಾ? ಅಲ್ಲಿ ನಾವು ಸೋಪಿನ ನೀರಲ್ಲೇ ಪೇಪರ್ ಹೊಡೆಯುವುದು. ಕಾಗದ ಜಾರಿಕೊಂಡು ಹೋಗ್ತದೆ, ಕೆಸರು ಬೇಗ ಕಟ್ಟಿಕೊಳ್ಳುವುದಿಲ್ಲ."

ನಾನು ಪಾತ್ರೆ ತೊಳೆಯುವ ದ್ರವದ ಬಾಟಲಿಗೆ ಕೈ ಹಾಕುವ ಮೊದಲೇ ಅತ್ತೆ ತಮ್ಮ ಸೋಪು ಹಿಡಿದು ಬಂದಿದ್ದರು. ಅವರು ವರ್ಷಕ್ಕೊಮ್ಮೆ ಕಮಟಾದ ತೆಂಗಿನೆಣ್ಣೆಯನ್ನೆಲ್ಲ ಒಟ್ಟು ಮಾಡಿ, ಕಾಸ್ಟಿಕ್ ಸೋಡಾ ಸೇರಿಸಿ ಮನೆಯಲ್ಲಿಯೇ ಸೋಪು ಮಾಡುತ್ತಾರೆ. ಬಟ್ಟೆಗೂ ಅದೇ, ಪಾತ್ರೆಗೂ ಅದೇ, ಬಚ್ಚಲಿನಲ್ಲಿಯೂ ಅದೇ. ನಮ್ಮ ಬಾವಿಯ ಮೆದು ನೀರಿನಲ್ಲಿ ಎರಡು ಸಲ ಉಜ್ಜಿದರೆ ಬಕೆಟ್ಟು ತುಂಬಾ ನೊರೆ.

"ಅಂಗಡಿಯದ್ದು ಎಂತಕ್ಕೆ? ಇದು ತೆಗೆದುಕೋ. ನಿನ್ನ ಅರಬರು ಇಂಥ ಸೋಪು ಕಂಡಿರ್ಲಿಕ್ಕಿಲ್ಲ" ಎಂದರು.

ಮೈದುನ ಅದನ್ನು ಚೂರಿಯಿಂದ ಹೆರೆದು ಬಕೆಟ್ಟಿಗೆ ಹಾಕಿದ. ಬಾನೆಟ್ಟಿನ ಮೇಲೆ ಬೂದು ನೊರೆ ಹಬ್ಬಿ ಅಂಚಿನಿಂದ ಇಳಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಮಗನ ಕಾರ್ಯಕ್ಕೆ ತಮ್ಮ ಕೈಯದೂ ಏನೋ ಸೇರಿತು ಎಂಬ ಸಮಾಧಾನ ಅವರ ಮುಖದಲ್ಲಿತ್ತು.

ತೊಳೆದು, ಒಣಗಿಸಿ, ತಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ಅವನು ಸ್ಪ್ರೇ ಗನ್ನಿನಿಂದ ಬಣ್ಣ ಬಿಟ್ಟ. ಬಣ್ಣ ಕೂತ ಹಾಗೆ ಕಾಣಿಸಿತು. ನಾವು ನೋಡುತ್ತಿದ್ದ ಹಾಗೆಯೇ ಅಲ್ಲಲ್ಲಿ ಹಿಂದಕ್ಕೆ ಸರಿದು ಸಣ್ಣ ಸಣ್ಣ ಗುಂಡಿಗಳಾದವು. ಪ್ರತಿ ಗುಂಡಿಯ ನಡುವೆ ಬೂದು ಚುಕ್ಕೆ. ಪೇಂಟರುಗಳು ಇದಕ್ಕೆ ಮೀನಿನ ಕಣ್ಣು ಎನ್ನುತ್ತಾರಂತೆ. ನೋಡಿದರೆ ಆ ಹೆಸರು ಸರಿಯಾಗಿಯೇ ಇತ್ತು. ಬಾನೆಟ್ಟಿನ ತುಂಬಾ ಬೂತಾಯಿ ಮೀನುಗಳು ಮಲಗಿ ಮೇಲೆ ನೋಡುತ್ತಿದ್ದವು.

"ಕಂಪ್ರೆಸರಿನಿಂದ ಎಣ್ಣೆ ಬರ್ತಾ ಉಂಟು" ಎಂದು ಮೈದುನ ತೀರ್ಮಾನಿಸಿದ. ಗನ್ನಿಗೆ ಗಾಳಿ ಕೊಡುವ ಆ ಯಂತ್ರವನ್ನು ಮೂಡುಬಿದಿರೆಗೆ ಒಯ್ದು ಬಿಚ್ಚಿಸಿ, ಹೊಸ ಫಿಲ್ಟರ್ ಹಾಕಿಸಿಕೊಂಡು ಬಂದ. ಬಣ್ಣ ಕೆರೆದು ಪುನಃ ಪ್ರೈಮರ್ ಹಾಕಿದ. ಪುನಃ ಅತ್ತೆಯ ಸೋಪು. ಈ ಸಲ ಅವರು ಹೆರೆದೇ ಇಟ್ಟಿದ್ದರು. ಬಣ್ಣ ಬಿಟ್ಟ. ಮೀನುಗಳು ಪುನಃ ಕಣ್ಣು ಬಿಟ್ಟವು.

ಅಂದು ಮಧ್ಯಾಹ್ನ ಅವನು ಅನ್ನ ಕಲಸಿದ್ದೇ ಹೆಚ್ಚು, ತಿಂದದ್ದು ಕಡಿಮೆ.

"ಸಾಹೇಬ್ರು ಫೋನ್ ಮಾಡಿದ್ರು. ಬೇರೆ ಕಡೆ ಕೊಡ್ಲಾ ಅಂತ ಕೇಳಿದ್ರು" ಎಂದ.

"ನೀನೆಂತ ಹೇಳಿದೆ?"

"ಒಂದು ಸಲ ನೋಡ್ತೇನೆ ಅಂದೆ. ಆಗದಿದ್ರೆ ಟಿಕೆಟ್ ಮಾಡ್ತೇನೆ ಅತ್ತಿಗೆ. ಮೊದಲ ಗಾಡಿಯೇ ಹೀಗಾದ್ರೆ ಎರಡನೆಯದ್ದು ಯಾರು ತರ್ತಾರೆ?"

ಅತ್ತೆ ಒಳಗೆ ಮೀನಿನ ಪಾತ್ರೆಗೆ ಮುಚ್ಚಳ ಹಾಕಿದರು. ಸ್ವಲ್ಪ ಜೋರಾಗಿಯೇ ಹಾಕಿದರು.

ಕಾರಿನ ಕೆಲಸ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ತೊಳೆಯುವುದು. ಬಂಟ್ವಾಳದ ಕಾನ್ವೆಂಟಿನಲ್ಲಿ ಓದುವಾಗ ಪ್ರಾರ್ಥನಾ ಮಂದಿರದ ಬಿಳಿ ಹಾಸುಬಟ್ಟೆಗಳನ್ನು ನಮ್ಮ ಸಿಸ್ಟರು ದೊಡ್ಡ ಹುಡುಗಿಯರಿಂದ ತೊಳೆಸುತ್ತಿದ್ದರು. ಕೊನೆಯ ನೀರಿನಲ್ಲಿ ಬಟ್ಟೆಯನ್ನು ಎರಡು ಬೆರಳಿನಿಂದ ತಿಕ್ಕಿ ನೋಡಬೇಕು. ಜಾರಿದರೆ ಸೋಪು ಹೋಗಿಲ್ಲ. ಹಾಗೆಯೇ ಇಸ್ತ್ರಿ ಹಾಕಿದರೆ ಹಳದಿ ಕಲೆ ಏಳುತ್ತದೆ. ನಮ್ಮ ಕಡೆಯ ನೀರು ಸೋಪನ್ನು ಬೇಗ ಬಿಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಅವರು ಬಯಲುಸೀಮೆಯಿಂದ ಬಂದವರು. ಅಲ್ಲಿಯ ಗಡಸು ನೀರಿನಲ್ಲಿ ಸೋಪಿಗೆ ನೊರೆ ಬರುವುದೇ ಕಷ್ಟವಂತೆ.

ಮರುದಿನ ಕೊಡೆಯಾಲ ಪೇಟೆಯ ಕಡೆಗೆ ಹೋಗುವ ಬೆಳಗಿನ ಬಸ್ಸು ದಾಟಿದ ಮೇಲೆ ನಾನು ಬಟ್ಟೆ ಒಣಗಿಸಲು ಹೋದಾಗ ಮೈದುನ ಮೂರನೆಯ ಸಲಕ್ಕೆ ಬಾನೆಟ್ಟನ್ನು ಸಿದ್ಧ ಮಾಡಿ ಪೈಪಿನಿಂದ ತೊಳೆಯುತ್ತಿದ್ದ. ಬಾನೆಟ್ಟಿನ ಬೂದು ಪ್ರೈಮರಿನ ಮೇಲೆ ನೀರು ಹರಡಿ ನಿಲ್ಲಬೇಕಿತ್ತು. ಅದು ತನ್ನನ್ನು ತಾನೇ ಎಳೆದುಕೊಂಡು ಹನಿಹನಿಯಾಗಿ ಕೂರುತ್ತಿತ್ತು, ಎಣ್ಣೆ ಸರಿಯಾಗಿ ಹೋಗದ ಒಗ್ಗರಣೆ ಬಾಣಲೆಯಲ್ಲಿ ಕೂರುವ ಹಾಗೆ. ನಾನು ಎರಡು ಬೆರಳಿನಿಂದ ತಿಕ್ಕಿ ನೋಡಿದೆ. ಜಾರಿತು.

"ಇದರಲ್ಲಿ ಸೋಪು ಉಂಟು" ಎಂದೆ.

"ಇಷ್ಟು ನೀರು ಬಿಟ್ಟದ್ದು ಕಾಣ್ಲಿಲ್ವಾ ಅತ್ತಿಗೆ?"

"ನೀರು ಬಿಟ್ಟದ್ದು ಕಂಡಿತು. ಸೋಪು ಹೋದದ್ದು ಕಾಣ್ಲಿಲ್ಲ. ಅಲ್ಲಿ ಯಾವ ಸೋಪು ಹಾಕ್ತಿದ್ದೆ?"

"ಪಾತ್ರೆ ತೊಳೆಯುವ ದ್ರವ. ಒಂದು ಬಕೆಟ್ಟಿಗೆ ಒಂದೆರಡು ಹನಿ." ಹೇಳಿದವನು ತನ್ನ ಬಕೆಟ್ಟನ್ನು ನೋಡಿದ. ನೊರೆ ಅಂಚು ದಾಟಿತ್ತು. ಆಮೇಲೆ ಅಡುಗೆಮನೆಯ ಕಡೆ ನೋಡಿ ಸ್ವರ ತಗ್ಗಿಸಿದ. "ಅಮ್ಮನಿಗೆ ಯಾರು ಹೇಳುವುದು?"

ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಮಗ ನಿಲ್ಲಲಿ ಎಂದು ಕೊಟ್ಟ ಸೋಪೇ ಮಗನನ್ನು ವಿಮಾನ ಹತ್ತಿಸುತ್ತಾ ಉಂಟು ಎಂದು ಅವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಪ್ರೈಮರನ್ನು ಪುನಃ ಕೆರೆದು ಹೊಸದಾಗಿ ಹಾಕುವ, ಒಣಗಿದ ಮೇಲೆ ಅರ್ಧ ಬಾನೆಟ್ಟಿಗೆ ಸೋಪಿನ ನೀರು, ಅರ್ಧಕ್ಕೆ ಬರೀ ಬಾವಿಯ ನೀರು ಹಾಕಿ ನೋಡುವ ಎಂದು ಮಾತ್ರ ಮಾತಾಡಿಕೊಂಡೆವು.

ಬರೀ ನೀರಿನ ಕಡೆ ಕೆಲಸ ಭಾರವಾಗಿತ್ತು. ಕಾಗದ ಬೇಗ ಬೂದು ಕೆಸರು ಕಟ್ಟಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಅದ್ದಬೇಕು, ಬಡಿಯಬೇಕು. ಸೋಪಿನ ಕಡೆ ಅವನ ಕೈ ಆಟವಾಡಿದ ಹಾಗೆ ಹೋಗುತ್ತಿತ್ತು. ಸೋಪು ಕೆಟ್ಟದ್ದೆಂದು ಯಾರಿಗೂ ಅನಿಸುವ ಹಾಗಿರಲಿಲ್ಲ.

ಬಣ್ಣ ಬಿಡುವ ಹೊತ್ತಿಗೆ ಕರೆಯದೆಯೇ ಅತ್ತೆ ಬಂದು ನಿಂತರು. ತೆಳ್ಳಗೆ ಒಂದು ಕೋಟು ಬಿತ್ತು. ಬಲಗಡೆ ಗುಂಡಿಗಳು ಎದ್ದವು. ಎಡಗಡೆ ಬಣ್ಣ ಹಾಲಿನ ಕೆನೆಯ ಹಾಗೆ ಮಲಗಿತು. ನಡುವೆ ಗೆರೆ ಎಳೆದ ಹಾಗೆ.

"ಆ ಕಡೆಗೆ ಎಂತ ಹಾಕಿದ್ದು?" ಎಂದು ಅತ್ತೆ ಕೇಳಿದರು.

ಮೈದುನ ನನ್ನನ್ನು ನೋಡಿದ. ನಾನು ಹೇಳಿದೆ: "ಬರೀ ನೀರು, ಅತ್ತೆ."

"ಈ ಕಡೆಗೆ ನನ್ನದಾ?"

"ಹೌದು."

ಅವರು ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ತಮ್ಮ ಅಂಗೈಯನ್ನೇ ನೋಡಿಕೊಂಡರು.

"ನಾನು ಎಣ್ಣೆ ಸ್ವಲ್ಪ ಹೆಚ್ಚೇ ಹಾಕುವುದು. ಕೈ ಒಡೆಯಬಾರದು ಅಂತ" ಎಂದರು. ಮತ್ತೆ ಮಗನಿಗೆ, "ಕಾರಿಗೆ ಒಡೆಯಲಿಕ್ಕೆ ಕೈ ಉಂಟಾ? ನಿನಗಾದರೂ ಗೊತ್ತಾಗಬಾರದಾ ದಡ್ಡ? ಕೊಟ್ಟದ್ದನ್ನೆಲ್ಲ ತೆಗೆದುಕೊಳ್ತಾನೆ!"

ಬೈಗುಳ ಕೇಳಿ ಮೈದುನನ ಹೆಗಲು ಸಡಿಲವಾದದ್ದನ್ನು ನಾನು ನೋಡಿದೆ.

ಪೂರ್ತಿ ಬಾನೆಟ್ಟನ್ನು ಅವನು ಪುನಃ ಕೆರೆದು ಪ್ರೈಮರ್ ಹಾಕಿ, ಬಾವಿಯ ನೀರಿನಲ್ಲಿಯೇ ಉಜ್ಜಿ ಹೊಸದಾಗಿ ಬಣ್ಣ ಹೊಡೆದ. ಎಲ್ಲದರ ಮೇಲೆ ಹೊಳಪಿನ ಪದರ ಬಿದ್ದು ಗಟ್ಟಿಯಾದ ಮೇಲೆ, ಕೊನೆಯ ನಯ ಮಾಡುವಾಗ ಮಾತ್ರ ನನ್ನ ಬಾಟಲಿಯಿಂದ ಒಂದೆರಡು ಹನಿ ದ್ರವ ಕೇಳಿ ಹಾಕಿಕೊಂಡ. ಅದರ ಮೇಲೆ ಇನ್ನು ಬಣ್ಣ ಕೂರಲಿಕ್ಕಿಲ್ಲ, ಆದ್ದರಿಂದ ಅಲ್ಲಿ ಸೋಪಿನಿಂದ ತೊಂದರೆಯಿಲ್ಲ ಎಂದು ನನಗೆ ವಿವರಿಸಿದ. ಕಾಗದದ ಶಬ್ದ ಆಗ ಬಹಳ ಮೆತ್ತಗಿತ್ತು.

ಸಾಹೇಬರು ಬಂದು ಬಾನೆಟ್ಟಿನ ಎದುರು ನಿಂತರು. ಒಂದು ಸಲ ಎಡಕ್ಕೆ ಬಾಗಿದರು, ಒಂದು ಸಲ ಬಲಕ್ಕೆ.

"ನನ್ನ ಹೊಟ್ಟೆ ಇಷ್ಟು ದೊಡ್ಡದು ಕಾಣ್ತದಲ್ಲ ಮಾರಾಯ ಇದರಲ್ಲಿ."

"ಅದು ಬಣ್ಣದ ತಪ್ಪಲ್ಲ ಸಾಹೇಬ್ರೆ."

ಸಾಹೇಬರು ಗಟ್ಟಿಯಾಗಿ ನಕ್ಕು, ತಮ್ಮ ತಮ್ಮನಿಗೆ ಅಲ್ಲಿಂದಲೇ ಫೋನು ಹಚ್ಚಿದರು. ವ್ಯಾನನ್ನು ತೋಡಾರಿಗೆ ಕಳಿಸು ಎಂದು ಹೇಳುವುದು ನಮಗೆಲ್ಲ ಕೇಳಿಸಿತು.

ಅವರು ಹೋದ ಮೇಲೆ ಮೈದುನ ಶೆಡ್ಡಿನ ಹಿಂದೆ ನಿಂತು ಹಿಂದಿಯಲ್ಲಿ ಯಾರೊಡನೆಯೋ ಮಾತಾಡಿದ. ಅತ್ತೆಗೆ ಹಿಂದಿ ತಿಳಿಯುವುದಿಲ್ಲ. ಬಸಳೆ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಅವನ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಳ್ಳಲಿಕ್ಕೆ ಹೇಳ್ತಾ ಇದ್ದಾನೆ" ಎಂದೆ.

ಅತ್ತೆ ತಲೆಯಾಡಿಸಿದರು. ಬಿಡಿಸಿದ ಎಲೆಗಳನ್ನು ಒಂದು ಕಡೆ ಸರಿಸಿ, ಬುಟ್ಟಿಯಿಂದ ಇನ್ನೂ ಒಂದು ಹಿಡಿ ಬಸಳೆ ತೆಗೆದುಕೊಂಡರು.