ಹಿಪ್ಪರಗಿಯವರ ಹಳದಿ ಚೀಟಿ

ಪುಸ್ತಕ ಕೈಗೆ ಕೊಟ್ಟರೆ ಹಿಪ್ಪರಗಿಯವರು ಮೊದಲು ಅದನ್ನು ತೆರೆಯುತ್ತಲೇ ಇರಲಿಲ್ಲ. ಮುಚ್ಚಿದ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಬೆನ್ನಿನುದ್ದಕ್ಕೂ ಟ್ಯೂಬ್‌ಲೈಟಿನ ಕಡೆ ನೋಡುತ್ತಿದ್ದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಹಾಳೆಗಳ ಅಂಚಿನ ಮೇಲೆ ಸರ್ರನೆ ಎಳೆದು, "ಹೂಂ, ಬೈಂಡಿಂಗ್ ನೆಟ್ಟಗದ. ಇನ್ನ ಒಳಗಿಂದು ನೋಡೂಣು" ಅನ್ನುತ್ತಿದ್ದರು. ಮೊದಲ ಸಲ ಇದನ್ನು ನೋಡಿದಾಗ ಈ ಮನುಷ್ಯ ಪುಸ್ತಕ ಒಯ್ಯಲು ಬಂದಿದ್ದಾರೋ ಬಂದೂಕು ಕೊಳ್ಳಲು ಬಂದಿದ್ದಾರೋ ಎಂದು ನನಗೆ ಅನುಮಾನವಾಗಿತ್ತು.

ವಾಮನರಾವ್ ಹಿಪ್ಪರಗಿ ಮೂಲತಃ ವಿಜಯಪುರದ ಕಡೆಯವರು. ಪುಣೆಯ ಭೋಸರಿಯಲ್ಲಿ ಗೇರು, ಅಂದರೆ ಯಂತ್ರದ ಹಲ್ಲುಚಕ್ರ, ಮಾಡುವ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ತಪಾಸಣೆಯ ಕೆಲಸ ಮಾಡಿದವರು. ತಯಾರಾಗಿ ಬಂದ ಪ್ರತಿಯೊಂದು ಗೇರನ್ನೂ ಅಳೆದು, ಸರಿಯಿದ್ದರೆ ಹಸಿರು ಚೀಟಿ, ತಿದ್ದಿದರೆ ಸರಿಹೋಗುವಂತಿದ್ದರೆ ಹಳದಿ, ಗುಜರಿಗೆ ಹೋಗಬೇಕಾದ್ದಕ್ಕೆ ಕೆಂಪು ಅಂಟಿಸುವುದು ಅವರ ಕೆಲಸ. ನಿವೃತ್ತರಾದ ಮೇಲೆ ಗೇರು ಬಿಟ್ಟುಹೋಯಿತು, ಚೀಟಿ ಬಿಡಲಿಲ್ಲ.

ನಿಗಡಿಯ ನಮ್ಮ ಕನ್ನಡ ಸಂಘದ ಮಹಡಿಯ ಮೇಲೆ ಎರಡು ಉಕ್ಕಿನ ಕಪಾಟುಗಳಿವೆ. ಅದಕ್ಕೆ ಗ್ರಂಥಾಲಯ ಎಂದು ಹೆಸರು. ನಾನು ತುಮಕೂರಿನವಳು, ಮದುವೆಯಾಗಿ ಪುಣೆಗೆ ಬಂದವಳು. ವಾರವೆಲ್ಲ ಹಿಂಜವಾಡಿಯ ಆಫೀಸು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಈ ಕಪಾಟು ತೆರೆಯುವ ಕೆಲಸ. ಗ್ರಂಥಪಾಲಕಿ ಅಂದರೆ ದೊಡ್ಡ ಮಾತಾಯಿತು, ಬೀಗದಕೈ ನನ್ನ ಹತ್ತಿರ ಇತ್ತು, ಅಷ್ಟೇ. ಒಂದು ಭಾನುವಾರ ನೋಡುತ್ತೇನೆ, ಹಿಪ್ಪರಗಿಯವರು ಹಿಂದಿರುಗಿಸಿದ ನಾಲ್ಕೂ ಪುಸ್ತಕಗಳ ಕೊನೆಯ ಹಾಳೆಯಲ್ಲಿ ಬಣ್ಣದ ಚೀಟಿ, ಪಕ್ಕದಲ್ಲಿ ಪೆನ್ಸಿಲಿನ ಗೀಚು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಂಘದ ಪುಸ್ತಕಕ್ಕೆ ಹೀಗೆಲ್ಲ ಅಂಟಿಸೋ ಹಾಗಿಲ್ಲ ಸರ್" ಅಂದೆ.

"ತಪಾಸಣಿ ಆಗಲಾರದ ಮಾಲು ಹೊರಗ ಬಿಡಬಾರದ್ರಿ ಮೇಡಂ. ಗಿರಾಕಿ ಮನಿಗೆ ಹೋಗಿ ಮುರದ್ರ ಯಾರು ಜವಾಬ್ದಾರಿ?" ಅಂದರು, ನಾನೇ ತಪ್ಪು ಮಾಡಿದವಳ ಹಾಗೆ.

ಎರಡು ವಾರ ಕೂತು ಚೀಟಿ ಕೆರೆದು ತೆಗೆದೆ. ಮೂರನೆಯ ವಾರ ಒಬ್ಬರು ಬಂದು, "ಹಿಪ್ಪರಗಿ ಕಾಕಾ ಹಸಿರು ಹಚ್ಚಿದ್ದು ಯಾವುದರೆ ಅದ ಏನ್ರಿ?" ಎಂದು ಕೇಳಿದರು. ಇನ್ನೊಬ್ಬರು ಕಣ್ಣು ಮಿಟುಕಿಸಿ ಕೆಂಪು ಚೀಟಿಯದ್ದೇ ಬೇಕು ಅಂದರು. ವರ್ಷಗಟ್ಟಲೆ ದೂಳು ತಿನ್ನುತ್ತಿದ್ದ ಕಪಾಟಿನ ಮುಂದೆ ಜನ ನಿಲ್ಲತೊಡಗಿದರು. ನಾನು ಕೆರೆಯುವುದನ್ನು ಬಿಟ್ಟೆ. ಎಲ್ಲರಂತೆ ಅವರನ್ನು ಕಾಕಾ ಎಂದು ಕರೆಯಲು ಶುರುಮಾಡಿದೆ. ಅವರು ಮಾತ್ರ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು.

ಈಚೆಗೆ ಬಂದ ಒಂದು ದಪ್ಪ ಮಾಯಾಲೋಕದ ಕಾದಂಬರಿಯನ್ನು ನಾನು ಊಟ ನಿದ್ದೆ ಬಿಟ್ಟು ಓದಿದ್ದೆ. ನೀವೂ ಓದಲೇಬೇಕು ಎಂದು ಅವರಿಗೆ ಕೊಟ್ಟೆ. ಹದಿನೈದು ದಿನಕ್ಕೆ ಹಳದಿ ಚೀಟಿಯೊಂದಿಗೆ ವಾಪಸ್ ಬಂತು. ಕಾಕಾ ಅಂಗಿಯ ಜೇಬಿನಿಂದ ಒಂದು ತುಂಡು ಕಾಗದ ತೆಗೆದು, ನೋಡಿಕೊಂಡು ಕೇಳಿದರು.

"ಒಂಬತ್ತು ದಿವಸ ಕುದರಿ ಮ್ಯಾಲ ಮರಳುಗಾಡು ದಾಟಿದ್ರು. ಸಂತೋಷ. ಕುದರಿ ಏನ್ ತಿಂತ್ರಿ?"

"ಕಾಕಾ, ಆ ಲೋಕದಲ್ಲಿ ಮರ ಮಾತಾಡುತ್ತೆ, ಬೆಟ್ಟ ನಡೆಯುತ್ತೆ. ನೀವು ಕುದುರೆ ಮೇವು ಕೇಳ್ತಾ ಇದೀರಲ್ಲ."

"ಮರ ಮಾತಾಡ್ಲಿ, ನಂದೇನ್ ತಕರಾರಿಲ್ಲ. ಮಾತಾಡೋ ಮರದ ಕೆಳಗ ನಿಂತ ಕುದರಿಗೂ ಹಸಿವಿ ಆಗತದಲ್ರಿ. ಮತ್ತ ಆ ಮುದುಕಿ ಪುಟ ನಲವತ್ತರಾಗ ಮಂತ್ರ ಹಾಕಿ ಗಾಯ ಮಾಯಿಸತಾಳ. ಪುಟ ಇನ್ನೂರರಾಗ ರಾಜಕುಮಾರ ರಕ್ತ ಸುರಿಸಿಕೋತ ಬಿದ್ದಾಗ ಅಲ್ಲೇ ನಿಂತು ಅಳತಾಳ. ಮಂತ್ರ ಎಲ್ಲಿ ಹೋತು? ಸುಳ್ಳು ಹೇಳ್ಲಿ, ಆದ್ರ ಒಂದ ಅಳತಿ ಸುಳ್ಳು ಹೇಳ್ಬೇಕು."

ನನ್ನ ಮುಖ ಸಪ್ಪಗಾಯಿತೆಂದು ಕಾಣುತ್ತದೆ. ಪುಸ್ತಕದ ನಡುವಿನ ಒಂದು ಪುಟ ತೆಗೆದು ತೋರಿಸಿದರು. ಆ ಒಂದೇ ಪುಟಕ್ಕೆ ಹಸಿರು ಚೀಟಿ ಇತ್ತು. ನೂರು ವರ್ಷ ಕಲ್ಲಾಗಿದ್ದ ಹೆಂಗಸೊಬ್ಬಳು ಮತ್ತೆ ಮನುಷ್ಯಳಾದ ಕೂಡಲೇ, ಒಲೆಯ ಮೇಲೆ ಹಾಲಿಟ್ಟಿದ್ದೆ ಎಂದು ಅಡುಗೆಮನೆಗೆ ಓಡುವ ಪುಟ ಅದು. "ಇದನ್ನ ಬರದಾಂವಗ ಬಾಕಿ ಎಲ್ಲಾ ಮಾಫ್ ಮಾಡಬಹುದು. ಆದ್ರ ಚೀಟಿ ಹಳದೀನ" ಅಂದರು. ಮೂರು ದಿನ ಓದಿದ ನನಗೆ ಆ ಪುಟ ನೆನಪೇ ಇರಲಿಲ್ಲ. ನಾಚಿಕೆಯಾಯಿತು.

ಕವಿತೆಗೆ ಅವರ ಅಳತೆ ಬೇರೆ. ಭಾನುವಾರ ಓದಿದ ಕವಿತೆಯ ಒಂದು ಸಾಲಾದರೂ ಶನಿವಾರದ ತನಕ ತಾನಾಗಿ ಉಳಿದಿರಬೇಕು. ನೆನಪಿಸಿಕೊಳ್ಳುವುದಕ್ಕೆ ಪ್ರಯತ್ನ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಹೊಸ ಹುಡುಗಿಯೊಬ್ಬಳ ತೆಳ್ಳನೆಯ ಸಂಕಲನ ಒಯ್ದವರು ಮುಂದಿನ ವಾರ ಮೆಟ್ಟಿಲು ಹತ್ತುತ್ತಲೇ ಹೇಳಿಕೊಂಡು ಬಂದರು. "ಬಾಗಿಲು ತೆರೆದೇ ಇತ್ತು, ಆದರೂ ಬಿಸಿಲು ಕೇಳಿ ಒಳಗೆ ಬಂತು." ಆಮೇಲೆ ಉಸಿರು ಬಿಟ್ಟು, "ಹಲ್ಲು ತಿಕ್ಕೂ ಮುಂದ ಬಂತ್ರಿ ಸಾಲು. ತೆರದ ಬಾಗಲಿದ್ರೂ ಕೇಳಿ ಬಂತಲ್ರಿ ಬಿಸಲು, ಎಷ್ಟ ಮರ್ಯಾದಸ್ತ" ಅಂದರು. ಆ ಪುಸ್ತಕಕ್ಕೆ ಹಸಿರು. ಆ ಹುಡುಗಿಗೆ ಈ ವಿಷಯ ಯಾರಾದರೂ ತಿಳಿಸಿದ್ದರೆ ಅವಳು ಬಹುಮಾನ ಬಂದಷ್ಟೇ ಹಿಗ್ಗುತ್ತಿದ್ದಳು.

ಸಣ್ಣಕತೆಯ ವಿಷಯಕ್ಕೆ ಬಂದರೆ ಬಹಳ ಕಟ್ಟುನಿಟ್ಟು. ಕತೆ ಮುಗಿದ ಮರುದಿನ ಬೆಳಿಗ್ಗೆ ಅದರೊಳಗಿನ ಜನ ಏನು ಮಾಡುತ್ತಿರಬಹುದು ಎಂಬ ಯೋಚನೆ ಹತ್ತಿಕೊಳ್ಳಬೇಕು. ಕೊನೆಯ ಪ್ಯಾರಾದಲ್ಲಿ ನಾಯಕಿಯನ್ನು ಬಾವಿಗೆ ಹಾರಿಸಿದ ಒಬ್ಬ ಕತೆಗಾರರಿಗೆ ಕೆಂಪು ಚೀಟಿ ಅಂಟಿಸಿ, "ಮುಗಸಲಿಕ್ಕೆ ಬರಲಾರದಕ್ಕ ಕೊಂದಾನ" ಎಂದು ಪೆನ್ಸಿಲಿನಲ್ಲಿ ಬರೆದಿದ್ದರು.

ಅವರ ಹೆಂಡತಿ ಕಮಲಾಬಾಯಿ ಯಾವಾಗಲಾದರೂ ಜೊತೆಗೆ ಬಂದರೆ ಹೊರಗಿನ ಬೆಂಚಿನ ಮೇಲೆ ತರಕಾರಿ ಚೀಲ ಹಿಡಿದು ಕೂರುತ್ತಿದ್ದರು. ಒಳಗೆ ಬನ್ನಿ, ಪುಸ್ತಕ ನೋಡಿ ಅಂದರೆ ನಗುತ್ತಿದ್ದರು. "ನನಗ ಕನ್ನಡ ಅಕ್ಷರ ಬರೂದಿಲ್ಲವಾ. ನಮ್ಮದು ಸೋಲಾಪುರ. ಮನ್ಯಾಗ ಕನ್ನಡ, ಸಾಲಿ ಎಲ್ಲಾ ಮರಾಠಿ." ಇಲ್ಲಿ ಅಂಥವರು ಬಹಳ ಜನ ಇದ್ದಾರೆ. ಪಾಪ, ಈ ಮನುಷ್ಯನ ಪುಸ್ತಕದ ಹುಚ್ಚಿನಿಂದ ಇವರಿಗೆ ಬೆಂಚು ಕಾಯುವ ಕೆಲಸ ಎಂದು ನಾನು ಕನಿಕರಪಡುತ್ತಿದ್ದೆ.

ಇನ್ನು ನನ್ನ ವಿಷಯ. ಹತ್ತು ವರ್ಷದಲ್ಲಿ ಬರೆದ ಹನ್ನೊಂದು ಕತೆಗಳನ್ನು ಸೇರಿಸಿ ನಾನೊಂದು ಪುಸ್ತಕ ತಂದೆ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಹೊಗಳಿಕೆ ಬಂತು. ಗಂಡ ಸ್ನೇಹಿತರಿಗೆಲ್ಲ ಫೋಟೋ ಕಳಿಸಿದರು. ನನಗೆ ಬೇಕಾಗಿದ್ದದ್ದು ಅದ್ಯಾವುದೂ ಅಲ್ಲ. ಹಿಪ್ಪರಗಿ ಕಾಕಾ ಅವರ ಚೀಟಿ ಬೇಕಿತ್ತು. ಬಿಡುಗಡೆಯ ದಿನವೇ ಅವರು ತಮಗೊಂದು ಪ್ರತಿ ತೆಗೆದುಕೊಂಡು ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ಆದರೂ ಸಂಘದ ಪ್ರತಿಯನ್ನು ನಾನೇ ಅವರ ಕೈಗೆ ಕೊಟ್ಟು, "ಇದನ್ನೂ ತಪಾಸಣೆ ಮಾಡಿ" ಅಂದೆ. ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಚೀಲಕ್ಕೆ ಹಾಕಿಕೊಂಡರು.

ಮುಂದಿನ ವಾರ ಪುಸ್ತಕ ಮೇಜಿನ ಮೇಲಿಟ್ಟು, ಹವಾಮಾನದ ಮಾತಾಡಿ, ಇನ್ನೊಂದು ಪುಸ್ತಕ ಒಯ್ದರು. ಅವರು ಮೆಟ್ಟಿಲಿಳಿಯುವುದನ್ನೇ ಕಾದು ಕೊನೆಯ ಹಾಳೆ ತೆಗೆದೆ. ಚೀಟಿ ಇರಲಿಲ್ಲ. ಮೊದಲ ಹಾಳೆ ನೋಡಿದೆ, ಹೊದಿಕೆ ಬಿಚ್ಚಿ ನೋಡಿದೆ, ಪುಸ್ತಕ ತಲೆಕೆಳಗು ಮಾಡಿ ಕೊಡವಿದೆ. ಪೆನ್ಸಿಲಿನ ಒಂದು ಚುಕ್ಕಿಯೂ ಇರಲಿಲ್ಲ.

ಕೆಂಪು ಹಚ್ಚಿದ್ದರೆ ಜಗಳವಾಡಬಹುದಿತ್ತು. ಏನೂ ಹಚ್ಚದೆ ಬಿಟ್ಟರೆ? ಬಾವಿಗೆ ಹಾರಿಸಿದವನಿಗೂ ಒಂದು ಚೀಟಿ ಸಿಕ್ಕಿತ್ತು, ನನಗೆ ಅದಕ್ಕೂ ಯೋಗ್ಯತೆ ಇಲ್ಲವಾಯಿತು ಎಂದು ಮುಖ ಊದಿಸಿಕೊಂಡೆ. ಎರಡು ತಿಂಗಳು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಾಗಿದ್ದೇನೆ ಎಂದು ಅವರಿಗೆ ತಿಳಿಯಲಿ ಅಂತ ಪುಸ್ತಕವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಅವರು ಅದನ್ನೂ ಎತ್ತಿ ಬೈಂಡಿಂಗ್ ನೋಡುತ್ತಿದ್ದರು.

ಕೊನೆಗೆ ನಾನೇ ತಡೆಯಲಾರದೆ ಕೇಳಿಬಿಟ್ಟೆ. "ಕೆಂಪು ಚೀಟಿ ಅಂಟಿಸೋಕೆ ಸಂಕೋಚ ಆಯ್ತಾ ಕಾಕಾ? ನಾನೇನು ಅತ್ತುಬಿಡ್ತಿದ್ನಾ?"

ಅವರು ನಿಜವಾಗಿ ಬೆರಗಾದರು. ಕುರ್ಚಿ ಎಳೆದುಕೊಂಡು ಕೂತರು.

"ನಮ್ಮ ಕಾರ್ಖಾನಿಯಾಗ ಒಂದು ಕಾಯದೆ ಇತ್ರಿ. ನನ್ನ ಹೆಂಡತಿ ತಮ್ಮ ಅಲ್ಲೇ ಮಶೀನ್ ಮ್ಯಾಲ ಇದ್ದ. ಅವನ ಕಡಿಂದ ಬಂದ ಮಾಲು ನಾ ಮುಟ್ಟತಿದ್ದಿಲ್ಲ, ಇನ್ನೊಬ್ಬ ಇನ್‌ಸ್ಪೆಕ್ಟರನ್ನ ಕರೀತಿದ್ದೆ. ನಮ್ಮವರ ಕೆಲಸ ನಾವು ತಪಾಸಣಿ ಮಾಡಬಾರದು. ಕಣ್ಣು ಒಂದು ಕೂದಲೆಳಿಯಷ್ಟು ಅತ್ಲಾಗ ಸರೀತದ, ನಮಗ ತಿಳಿಯೂದಿಲ್ಲ."

"ನಾನು ಯಾವಾಗ ನಿಮ್ಮವಳಾದೆ?" ಅಂದೆ. ಸಿಟ್ಟಿನಲ್ಲಿ ಕೇಳಿದ್ದು, ಆದರೆ ದನಿ ಬೇರೆಯೇ ಆಗಿ ಬಂತು.

"ಇದೇನ್ ಕೇಳತಿ ತಂಗಿ?" ಅಂದರು. ಮೇಡಂ ಹೋಗಿ ತಂಗಿ ಬಂದದ್ದು ಅವತ್ತೇ. ಎರಡು ತಿಂಗಳ ಮುನಿಸು ಎಲ್ಲಿ ಹೋಯಿತೋ. ಆದರೂ ನನ್ನ ಬುದ್ಧಿ ಬಿಡಬೇಕಲ್ಲ. "ಹಾಗಾದರೆ ಬೇರೆ ಇನ್‌ಸ್ಪೆಕ್ಟರನ್ನ ಕರೆಯಿರಿ" ಎಂದು ಪಟ್ಟು ಹಿಡಿದೆ.

"ಕರದೇನಿ. ನನ್ನ ಪ್ರತಿ ಅವರ ಕಡೇನ ಅದ. ಭಾಳ ಸಾವಕಾಶ ಮಾಡ್ತಾರ, ಆದ್ರ ನನಗಿಂತ ಖಡಕ್ ಇದ್ದಾರ." ಯಾರು ಎಂದರೆ ನಕ್ಕು ಮೆಟ್ಟಿಲಿಳಿದರು.

ಆಮೇಲೆ ಪ್ರತಿ ಭಾನುವಾರ ಅದೇ ಮಾತು. ವರದಿ ಎಲ್ಲಿಗೆ ಬಂತು ಕಾಕಾ? ಐದು ಕಥಿ ಆಗ್ಯಾವ. ಏಳು ಆಗ್ಯಾವ. ಕೊನೆಯ ಸಲ ನೋಡಿದಾಗ ಅವರು ಸಂಘದ ಕೆಳಗೆ ಸ್ಕೂಟರ್ ಶುರು ಮಾಡುತ್ತಿದ್ದರು. ನಾನು ಕಿಟಕಿಯಿಂದ ಕೂಗಿ ಕೇಳಿದೆ. ಹೆಲ್ಮೆಟ್ಟಿನೊಳಗಿಂದ ಮಾತು ಕೇಳಿಸುವುದಿಲ್ಲವೆಂದು ಎರಡು ಬೆರಳು ಎತ್ತಿ ತೋರಿಸಿದರು. ಇನ್ನೆರಡು ಉಳಿದಿವೆ ಎಂದು.

ಆ ಗುರುವಾರ ಹಿಂಜವಾಡಿಯಿಂದ ಬರುವ ಬಸ್ಸಿನಲ್ಲಿ ಕೂತಿದ್ದಾಗ ಫೋನಿಗೆ ಸಂಘದ ಗುಂಪಿನಲ್ಲಿ ಸುದ್ದಿ ಬಂತು. ಬೆಳಿಗ್ಗೆ ಚಹಾ ಕುಡಿದು ಪೇಪರು ಹಿಡಿದು ಕೂತ ಕಾಕಾ ಹಾಗೆಯೇ ಹೋಗಿಬಿಟ್ಟಿದ್ದರು. ನಾನು ಮೂರು ಸಲ ಓದಿದೆ. ಅವರ ಮನೆಗೆ ಹೋಗಿ ಎಲ್ಲರ ನಡುವೆ ಕೂತು ಬಂದೆ. ಅಳು ಬರಲಿಲ್ಲ. ಅಷ್ಟು ಜನರ ಮುಂದೆ ವರದಿಯ ಮಾತು ಎತ್ತುವುದು ಹೇಗೆ? ಇನ್ನು ಅದು ಬರುವುದಿಲ್ಲ ಎಂದುಕೊಂಡೆ. ಅವರು ಹೋದ ದುಃಖದಲ್ಲಿ ಇದೂ ಒಂದು ದುಃಖವೇ ಎಂದು ನನಗೇ ನನ್ನ ಮೇಲೆ ಹೇಸಿಗೆಯಾಯಿತು.

ತಿಂಗಳು ಕಳೆದ ಮೇಲೆ ಕಮಲಾಬಾಯಿ ಫೋನ್ ಮಾಡಿದರು. "ತಂಗಿ, ಭಾನುವಾರ ಮನಿಗೆ ಬಾ. ನಿನ್ನ ಕಡೆ ಒಂದು ಕೆಲಸದ" ಅಂದರು.

ಹೋದೆ. ಅಡುಗೆಮನೆಯ ನೆಲದ ಮೇಲೆ ಮೆಂತ್ಯದ ಸೊಪ್ಪು ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ, ಅದರ ಮೇಲೆ ನನ್ನ ಪುಸ್ತಕ.

"ಎರಡು ಕಥಿ ಉಳದಾವ. ಅವರು ದಿನಾ ಸಂಜೀಕ ನಾ ಪಲ್ಯ ಸೋಸೂ ಮುಂದ ಓದಿ ಹೇಳತಿದ್ರು. ಎಲ್ಲಾ ಪುಸ್ತಕ ಹಂಗ. ನಿಂದರ ಬಗ್ಗೆ ಮಾತ್ರ ಅವರು ತಮ್ಮ ಮಾತು ಹೇಳಲಿಲ್ಲ. ಕಮಲಾ, ಇದರದ್ದು ನೀ ಒಬ್ಬಾಕೀನ ಹೇಳ್ಬೇಕು ಅಂದ್ರು. ಹದಿನೈದು ದಿವಸಕ್ಕ ಒಂದ ಕಥಿ. ನಾ ಒಮ್ಮೊಮ್ಮೆ ಎರಡ ಸಲ ಓದಸತಿದ್ದೆ."

ಪುಸ್ತಕ ತೆರೆದೆ. ಒಂದೊಂದು ಕತೆಯ ಕೊನೆಗೂ ಒಂದೊಂದು ಚೀಟಿ. ನಾಲ್ಕು ಹಸಿರು, ನಾಲ್ಕು ಹಳದಿ, ಒಂದು ಕೆಂಪು. ಪ್ರತಿಯೊಂದರ ಪಕ್ಕ ಕಾಕಾ ಅವರ ಪೆನ್ಸಿಲಿನಲ್ಲಿ, "ತಪಾಸಣೆ: ಕಮಲಾ." ಕೆಳಗೆ ಒಂದು ಸಾಲು. "ಎರಡು ಸಲ ನಿದ್ದಿ ಬಂತು." "ಮುದುಕಪ್ಪಗ ಚಹಾ ಯಾರೂ ಕೇಳಲಿಲ್ಲ." "ಈ ಹುಡುಗಿ ಮರುದಿವಸ ಏನ್ ಮಾಡಿದ್ಲು ಅಂತ ಮುಂಜಾನಿ ಎದ್ದ ಕೂಡಲೇ ಕೇಳಿದಳು." ಕುದುರೆಯ ಮೇವು ಕೇಳಿದವರು, ಒಲೆಯ ಮೇಲಿನ ಹಾಲಿಗೆ ಹಸಿರು ಹಚ್ಚಿಸಿದವರು ಯಾರು ಎಂದು ನನಗೆ ಆಗ ತಿಳಿಯಿತು. ನಾನು ಕನಿಕರಪಟ್ಟ ಹೆಂಗಸು ನಮ್ಮ ಕಪಾಟಿನ ಅರ್ಧ ಪುಸ್ತಕಗಳ ಹಣೆಬರಹ ನಿರ್ಧರಿಸಿದ್ದರು.

ಹತ್ತನೆಯ ಕತೆ ಓದಿದೆ. ಆಫೀಸಿನ ಬಸ್ಸಿನಲ್ಲಿ ಕೂತ ಹೆಂಗಸೊಬ್ಬಳು ತನ್ನ ನಿಲ್ದಾಣ ಬಂದರೂ ಇಳಿಯದೆ, ಕೊನೆಯ ನಿಲ್ದಾಣದ ತನಕ ಹೋಗಿ ಸಂಜೆವರೆಗೂ ಸುಮ್ಮನೆ ಕೂತುಬಿಡುವ ಕತೆ. ನನ್ನ ಮಟ್ಟಿಗೆ ಅದು ಪುಸ್ತಕದಲ್ಲೇ ಒಳ್ಳೆಯ ಕತೆ. ಕಮಲಾಬಾಯಿ ಸೊಪ್ಪು ಸೋಸುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ಸೋಸಿದ ಎಲೆಗಳನ್ನು ಒಂದು ಕಡೆಗೆ ಸರಿಸಿದರು.

"ಛಲೋ ಅದ" ಅಂದರು. "ಆದ್ರ ಆಕೀ ಕೂಸನ್ನ ಬಾಜೂ ಮನ್ಯಾಗ ಬಿಟ್ಟು ಬಂದಾಳಲ್ಲ. ಮಧ್ಯಾಹ್ನ ಅದಕ್ಕ ಉಣಸಿದವರು ಯಾರು?"

ನಾನು ಹಿಂದಿನ ಪುಟ ತಿರುವಿ ನೋಡಿದೆ. ಹತ್ತು ವರ್ಷದಲ್ಲಿ ಆ ಮಗುವಿನ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ಅವರು ಕೈ ಸೆರಗಿಗೆ ಒರೆಸಿಕೊಂಡು ಡಬ್ಬಿ ತೆಗೆದು, ಹಳದಿ ಚೀಟಿಯೊಂದನ್ನು ಬಿಡಿಸಿ ಕತೆಯ ಕೊನೆಗೆ ಅಂಟಿಸಿದರು. ಆಮೇಲೆ ಕಾಕಾ ಅವರ ಮೋಟು ಪೆನ್ಸಿಲನ್ನು ನನ್ನ ಕಡೆ ಚಾಚಿದರು. "ನೀನ ಬರಿ. ನನಗ ಕನ್ನಡ ಬರಿಲಿಕ್ಕೆ ಬರೂದಿಲ್ಲಲ್ಲ."

ನನ್ನ ಕತೆಯ ಕೆಳಗೆ ನಾನೇ ಬರೆದೆ. ತಪಾಸಣೆ: ಕಮಲಾ. ಕೂಸಿಗೆ ಉಣಸಿದವರು ಯಾರು? ಹಿಂದಿನ ಒಂಬತ್ತು ಕತೆಗಳಿಗೆ ಕಾಕಾ ಅವರ ಅಕ್ಷರ, ಹತ್ತನೆಯದಕ್ಕೆ ನನ್ನದು. ತಿಂಗಳಿಡೀ ಬಾರದಿದ್ದ ಅಳು ಆಗ ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಪುಸ್ತಕದ ಮೇಲೆ ಬಿದ್ದೀತೆಂದು ಅದನ್ನು ದೂರ ಹಿಡಿದುಕೊಂಡು ಅತ್ತೆ.

ಕಮಲಾಬಾಯಿ ಗಾಬರಿಯಾಗಿ ಹತ್ತಿರ ಸರಿದು ನನ್ನ ಬೆನ್ನು ಸವರಿದರು.

"ಅಳಬ್ಯಾಡ ತಂಗಿ" ಅಂದರು. "ಹಳದಿ ಅಷ್ಟ ಹಚ್ಚೇನಿ, ಕೆಂಪಲ್ಲ. ತಿದ್ದಿದ್ರ ಸರಿ ಆಗತದ."