ನಾಯಕಿಯ ಬದಲಿಗೆ ಹಾರಿದವರು

ಮಸ್ಕತ್‌ನ ಅಲ್ ಅಜೈಬಾದಲ್ಲಿ ಬೆಳಕು ಹರಿಯುವ ಮೊದಲೇ ಮಂಗಳೂರು ಕಡೆಯ ಕಿನ್ನಿಗೋಳಿಯ ಮಾರ್ಸೆಲಿನ್ ಎದ್ದು, ತಣಿದ ಚಹಾದಲ್ಲಿ ಅದ್ದಿದ ಬಟ್ಟೆಯನ್ನು ತಾವು ನೋಡಿಕೊಳ್ಳುವ ಐವಿ ಮೇಡಂ ಕಣ್ಣುಗಳ ಮೇಲಿಡುತ್ತಾರೆ. ಮಾತಿಲ್ಲದ ಸಿನಿಮಾಗಳ ಕಾಲದಲ್ಲಿ ಇಂಗ್ಲೆಂಡಿನ ಸ್ಟುಡಿಯೋ ದೀಪಗಳು ಕೊಟ್ಟ ಉರಿಗೆ ಅಂದಿನಿಂದಲೂ ಇದೇ ಮದ್ದು. ಎಂಬತ್ತೇಳು ವರ್ಷದ ಐವಿ ಹಾರ್ಟ್‌ಲಿಯವರಿಗೆ ಈಗ ಏನೂ ಕಾಣುವುದಿಲ್ಲ. ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಐವಿ ಲಂಡನ್ನಿನ ಹೊಲಿಗೆ ಅಂಗಡಿಯ ಹುಡುಗಿ. ಹದಿನಾರರ ವಯಸ್ಸಿನಲ್ಲಿ ಸ್ಟುಡಿಯೋಗೆ ಉಡುಪು ತಲುಪಿಸಲು ಹೋದಾಗ, ಕುದುರೆ ಹತ್ತಲು ಹೆದರಿದ ನಾಯಕಿಯ ಬದಲಿಗೆ ಇವರನ್ನು ಹತ್ತಿಸಿದರು. ಆಮೇಲೆ ಅದೇ ಕೆಲಸ: ಮಾಡಿನಿಂದ ಜಾರುವುದು, ಕೊರೆಯುವ ಹೊಳೆಗೆ ಬೀಳುವುದು. ನಡುನಡುವೆ ದಾದಿಯ, ಹೂ ಮಾರುವವಳ ಸಣ್ಣ ಪಾತ್ರಗಳು. ಪರದೆಯ ಮೇಲೆ ಹೆಸರು ಒಮ್ಮೆಯೂ ಬರಲಿಲ್ಲ. ಕೊನೆಗೊಮ್ಮೆ ಸೇತುವೆಯಿಂದ ಹಾರಿದಾಗ ಸೊಂಟ ಮುರಿಯಿತು. ಮತ್ತೆ ಹೊಲಿಗೆ, ಮದುವೆ, ವೈಧವ್ಯ. ಈಗ ಎಂಜಿನಿಯರ್ ಮಗನೊಂದಿಗೆ ಒಮಾನಿನಲ್ಲಿ ವಾಸ.

"ಸುರುವಿಗೆ ನನಗೆ ನಂಬಿಕೆಯೇ ಬರ್ಲಿಲ್ಲ ಅಕ್ಕ," ಎಂದು ಈ ಬರಹಕ್ಕಾಗಿ ಭೇಟಿಯಾದ ನನ್ನೊಡನೆ ಹೇಳುತ್ತಾರೆ ಮಾರ್ಸೆಲಿನ್. "ಊಟಕ್ಕೆ ಕೂತ್ರೆ ತಡಕಾಡಿ ಅರ್ಧ ಮೀನು ನನ್ನ ಪ್ಲೇಟಿಗೆ ಹಾಕ್ತಾರೆ. ಸಿನಿಮಾದವ್ರು ಹೀಗಿರ್ತಾರಾ?"

ಕಳೆದ ವಾರ ಇಂಗ್ಲೆಂಡಿನಿಂದ ಒಂದು ವಿಡಿಯೋ ಕ್ಯಾಸೆಟ್ ಬಂದಿದೆ. ಸೇತುವೆಯಿಂದ ಹಾರಿದ ಆ ಚಿತ್ರ ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕಿತಂತೆ; ಇದು ಅದರ ಪ್ರತಿ. ನೀರಿನಿಂದ ಏಳುವಾಗ ನಿನ್ನ ಮುಖವನ್ನೇ ತೋರಿಸುತ್ತೇನೆ ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು. ಚಿತ್ರ ಓಡಿದಾಗ ಐವಿ ಆಸ್ಪತ್ರೆಯಲ್ಲಿದ್ದರು. ಅದನ್ನು ನೋಡಲೇ ಇಲ್ಲ. ಆ ಮಾತು ಉಳಿಸಿಕೊಂಡರೋ ಇಲ್ಲವೋ ಎಂಬುದು ಅವರಿಗೆ ಇಷ್ಟು ವರ್ಷವೂ ಗೊತ್ತಿರಲಿಲ್ಲ.

ಮಾರ್ಸೆಲಿನ್ ಟಿವಿ ಮುಂದೆ ಕೂತು ಕಂಡದ್ದನ್ನೆಲ್ಲ ಹೇಳುತ್ತಾ ಹೋಗುತ್ತಾರೆ. ಇಬ್ಬರ ಮಾತೂ ಇಂಗ್ಲಿಷಿನಲ್ಲೇ. ಇಲ್ಲಿರುವುದು ಮಾರ್ಸೆಲಿನ್ ಹೇಳಿದ ಕನ್ನಡ. ಸೇತುವೆ ಬರುತ್ತದೆ. ಹಾರಿದ್ದೂ ಆಗುತ್ತದೆ. ಐವಿ ಮಾರ್ಸೆಲಿನ್ ಅವರ ಕೈ ಹಿಡಿದುಕೊಳ್ಳುತ್ತಾರೆ.

"ನನ್ನ ಮುಖ ಉಂಟಾ?"

"ಒಂದು ಸುಳ್ಳು ಹೇಳಿಬಿಡುವಾ ಅಂತ ಬಾಯಿವರೆಗೆ ಬಂತು ಅಕ್ಕ," ಎಂದು ಮಾರ್ಸೆಲಿನ್ ನೆನೆಯುತ್ತಾರೆ. "ಆದ್ರೆ ಅವರು ನನಗೆ ಯಾವತ್ತೂ ಸುಳ್ಳು ಹೇಳಿದವರಲ್ಲ."

"ಇಲ್ಲ ಮೇಡಂ. ನಿಮ್ಮ ಬೆನ್ನು ಮಾತ್ರ. ನೀರಿಂದ ಎದ್ದು ಬಂದದ್ದು ಆ ಹೀರೋಯಿನ್. ಅವಳ ತಲೆ ಸಹ ಸರಿ ಒದ್ದೆಯಾಗ್ಲಿಲ್ಲ!"

ಐವಿ ನಗುವುದಿಲ್ಲ. ಬದಲಿಗೆ ಕೇಳುತ್ತಾರೆ: "ಹಾರುವ ಮೊದಲು ನಾನು ಕೆಳಗೆ ನೋಡಿದ್ದೇನಾ?"

ಮಾರ್ಸೆಲಿನ್ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡುತ್ತಾರೆ.

"ಇಲ್ಲ ಮೇಡಂ. ಓಡಿ ಬಂದವರು ಹಾಗೆಯೇ ಹಾರಿದ್ರಿ. ನಿಲ್ಲಲೇ ಇಲ್ಲ."

ಐವಿ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. "ಸಾಕು, ಖಲಾಸ್. ಸಂಜೆ ಮಗ ಬರ್ತಾನಲ್ಲ, ಅವನಿಗೂ ಹಾಕಿ ತೋರಿಸು. ಆ ಬೆನ್ನು ಅವನ ಅಮ್ಮಂದು ಅಂತ ಹೇಳು."